ನೀಲಿಸಿಡಿಲು ಬಿದ್ದ ಮರುದಿನ

ಹಲ್ಲುಜ್ಜುತ್ತ ಕನ್ನಡಿ ನೋಡಿಕೊಂಡಾಗ ಅವನಿಗೆ ಮೊದಲು ಅನಿಸಿದ್ದು, ಕೊಲೆ ಮಾಡಿದವನ ಮುಖ ಇಷ್ಟೊಂದು ಸಾಧಾರಣವಾಗಿರಬಾರದಿತ್ತು ಎಂದು. ಅದೇ ಜೋಲು ಕಿವಿ, ಕನ್ನಡಕ ಕೂತು ಕೂತು ಮೂಗಿನ ಎರಡೂ ಬದಿಗೆ ಬಿದ್ದ ಅದೇ ಗುಳಿ, ತುಟಿಯ ಕೊನೆಯಲ್ಲಿ ಪೇಸ್ಟಿನ ನೊರೆ. ಚಿಕ್ಕಂದಿನಲ್ಲಿ ಅವನು ಓದಿದ ಸಾಹಸದ ಪುಸ್ತಕಗಳಲ್ಲಿ ಕೊಲೆಗಾರರ ಕಣ್ಣುಗಳು ಕೆಂಡದಂತೆ ಉರಿಯುತ್ತಿದ್ದವು, ಇಲ್ಲವೆ ಮಂಜಿನಂತೆ ತಣ್ಣಗಿರುತ್ತಿದ್ದವು. ಅವನ ಕಣ್ಣಲ್ಲಿ ಇದ್ದದ್ದು ಪಿಸುರು. ಬಾಯಿ ಮುಕ್ಕಳಿಸಿ ಉಗಿದ. ನೀರು ಸುತ್ತಿ ಸುತ್ತಿ ತೂತಿನೊಳಕ್ಕೆ ಇಳಿಯುವುದನ್ನು ನೋಡುತ್ತ ನಿಂತವನಿಗೆ, ಸತ್ತವನೂ ಹೀಗೇ ಸುತ್ತಿ ಸುತ್ತಿ ಬಿದ್ದಿರಬೇಕಲ್ಲವೆ ಎನ್ನಿಸಿತು. ಬೀಳುವಾಗ ಅವನು ಕೂಗಿದನೆ? ಕೂಗಿದನೆಂದು ತಾನು ಹೇಳಿರಲಿಲ್ಲ. ಹೇಳುವಷ್ಟು ಧೈರ್ಯವಾಗಲಿ, ಮರ್ಯಾದೆಯಾಗಲಿ ಆಗ ಇರಲಿಲ್ಲ.

“ನಿನ್ನೆಯಿಂದ ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ?” ಎಂದು ಕೇಳಿದಳು ಹೆಂಡತಿ, ಅವನ ಅಂಗಿಯ ಗುಂಡಿ ತಪ್ಪಾಗಿ ಬಿದ್ದಿರುವುದನ್ನು ಬೆರಳಲ್ಲೇ ತೋರಿಸುತ್ತ.

“ಒಬ್ಬನನ್ನ ಕೊಂದೆ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೊನ್ನೆ ಬಚ್ಚಲಲ್ಲಿ ಜಿರಳೆ ಬಂದಾಗ ಸ್ಟೂಲ್ ಮೇಲೆ ಹತ್ತಿದ್ದು ಯಾರು? ಮೊದಲು ಅದನ್ನ ಕೊಲ್ಲೋದು ಕಲೀರಿ. ಮನುಷ್ಯರ ವಿಚಾರ ಆಮೇಲೆ.”

“ಪೂರ್ತಿ ಮನುಷ್ಯ ಅನ್ನೋಕಾಗಲ್ಲ. ಹಾರ್ತಾ ಇದ್ದ.”

“ಜಿರಳೆನೂ ಹಾರುತ್ತೆ,” ಎಂದು ಅವಳು ಒಳಗೆ ಹೋದಳು.

ಕೆಲಸದ ಹಾದಿಯುದ್ದಕ್ಕೂ ಅವನು ತನ್ನ ಪರವಾಗಿ ತಾನೇ ವಕಾಲತ್ತು ಮಾಡಿದ. ಕತೆ ತಾನೆ. ಊಟದ ಹೊತ್ತಿನ ಕತೆ. ಇಬ್ಬರು ನಡುವಯಸ್ಸಿನ ಗಂಡಸರು ಕನ್ನಡಕದಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕೈಗೆ ಕೆಲಸ ಕೊಟ್ಟು ಬಾಯಿಗೆ ಬಿಡುವು ಕೊಡದೆ ಕಟ್ಟಿದ ಕತೆ. ಇವನು ಗಾಜು ಉಜ್ಜುವವನು, ಆದ್ದರಿಂದ ಮಾಲೀಕ ಅವನಿಗೆ ಉಜ್ಜಣ್ಣ ಎಂದು ಹೆಸರಿಟ್ಟಿದ್ದ. ಉಜ್ಜಿದ ಗಾಜನ್ನು ಚೌಕಟ್ಟಿಗೆ ಕೂರಿಸಿ ಸಾಸಿವೆಯಷ್ಟು ಸಣ್ಣ ತಿರುಪು ತಿರುವುವವನು ತಿರುಪಣ್ಣ. ತಿರುಪಣ್ಣ ಕೆಲಸಕ್ಕೆ ಸೇರಿದ ದಿನ, ಉಜ್ಜುವ ಯಂತ್ರ ಕಿರ್ರೆನ್ನುವುದು ನಿಂತ ಒಂದು ಗಳಿಗೆಯ ಮೌನದಲ್ಲಿ, ಪೀಠಿಕೆಯಿಲ್ಲದೆ ಕೇಳಿದ್ದ: “ನೀವು ಚಿಕ್ಕೋರಾಗಿದ್ದಾಗ ಏನು ಓದ್ತಿದ್ರಿ?” ಕರಿಗವಸಿನ ಕ್ಯಾಪ್ಟನ್ ಎಂದು ಇವನು ನಾಚಿಕೊಂಡೇ ಹೇಳಿದ. ಮುಟ್ಟಿದರೆ ಪುಡಿಯಾಗುವ ಒರಟು ಕಾಗದ, ಸೊಳ್ಳೆಯಂಥ ಅಕ್ಷರ, ಒಳಗೆ ಒಬ್ಬ ಟೋಪಿಯವನು. ಯಾವ ಶಕ್ತಿಯೂ ಇಲ್ಲ, ಲಿವರ್ ಕೆಟ್ಟಿದೆ, ಒಂದು ಪಿಸ್ತೂಲು, ಅದರಲ್ಲೂ ಯಾವಾಗಲೂ ಗುಂಡು ಮುಗಿದಿರುತ್ತದೆ, ಆದರೂ ಗಂಟು ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ತಿರುಪಣ್ಣನ ಕಣ್ಣರಳಿತು. ಅವನದು ಬಣ್ಣದ ಕಾಮಿಕ್ಸು: ನೀಲಿಸಿಡಿಲು. ಬೆನ್ನಿಗೆ ಹೊದಿಕೆ, ಮೈಗೆ ಅಂಟಿದ ಬಟ್ಟೆ, ಮೂರೂರಿನಾಚೆ ಸೂಜಿ ಬಿದ್ದರೂ ಕೇಳುವ ಕಿವಿ. ಬೆಟ್ಟ ಎತ್ತುತ್ತಾನೆ, ಎತ್ತಿದ ಮೇಲೆ ಇದ್ದಲ್ಲೇ ಇಡುತ್ತಾನೆ ಕೂಡ. “ಇವರಿಬ್ಬರೂ ಒಬ್ಬರಿಗೊಬ್ಬರು ಗಂಟುಬಿದ್ರೆ?” ಎಂದಿದ್ದ ತಿರುಪಣ್ಣ. ಆ ದಿನ ಬಿಚ್ಚಿದ ಬುತ್ತಿಯನ್ನು ಇಬ್ಬರೂ ಇನ್ನೂ ಕಟ್ಟಿರಲಿಲ್ಲ ಎನ್ನಬೇಕು. ಕ್ಯಾಪ್ಟನ್ನೂ ನೀಲಿಸಿಡಿಲೂ ಮೊದಲು ಹೊಡೆದಾಡಿದರು, ಆಮೇಲೆ ಒಬ್ಬರನ್ನೊಬ್ಬರು ತಪ್ಪು ತಿಳಿದದ್ದಕ್ಕೆ ಕ್ಷಮೆ ಕೇಳಿದರು, ಆಮೇಲೆ ಜೋಡಿಯಾಗಿ ಲೋಕವನ್ನು ಎಷ್ಟು ಸಲ ಉಳಿಸಿದರೆಂದರೆ, ಉಳಿಸಿಕೊಳ್ಳುವ ಯೋಗ್ಯತೆ ಲೋಕಕ್ಕಿದೆಯೇ ಎಂದು ಇಬ್ಬರಿಗೂ ಆಗಾಗ ಸಂಶಯ ಬರುತ್ತಿತ್ತು. ಇದ್ದ ಕಟ್ಟುಪಾಡುಗಳು ಎರಡೇ. ಒಬ್ಬನ ವೀರನ ಜೀವಕ್ಕೆ ಇನ್ನೊಬ್ಬ ಕೈ ಹಾಕಬಾರದು. ಸತ್ತವರು ಸತ್ತ ಹಾಗೇ ಇರಬೇಕು. ಎರಡನೆಯದನ್ನು ಹಾಕಿದ್ದು ತಿರುಪಣ್ಣನೇ: “ದಿನಾ ಎದ್ದು ಬರೋ ಹಾಗಿದ್ರೆ ಸಾಯೋದು ಯಾಕೆ? ಊಟಕ್ಕೆ ರುಚಿ ಇರಲ್ಲ.”

ಕೋಣೆಯಲ್ಲಿ ತಿರುಪಣ್ಣನ ಸ್ಟೂಲು ಖಾಲಿಯಿತ್ತು. ದೀಪದ ಕೆಳಗೆ ಅವನ ಚಿಮಟ, ಮೃದುವಾದ ಬಟ್ಟೆ ಇದ್ದವು, ಕಾಲು ಮುರಿದ ಒಂದು ಕನ್ನಡಕ ಆಕಾಶ ನೋಡುತ್ತ ಅಂಗಾತ ಬಿದ್ದಿತ್ತು. ಉಜ್ಜಣ್ಣ ಯಂತ್ರ ಹಾಕಿದ. ಗಾಜು ತಿರುಗಿತು. ನಿನ್ನೆ ಬೆಳಿಗ್ಗೆಯೇ ಶುರುವಾದದ್ದು ಎಲ್ಲ, ಎಂದುಕೊಂಡ. ನಿನ್ನೆ ಬೆಳಿಗ್ಗೆ ಒಬ್ಬ ಹೆಂಗಸು ಹೊಸ ಕನ್ನಡಕ ಹಾಕಿಕೊಂಡು, ಬಾಗಿಲಾಚೆಯ ಮರದಲ್ಲಿ ಎಲೆಗಳು ಬಿಡಿಬಿಡಿಯಾಗಿ ಕಾಣುತ್ತವೆಂದು ಅತ್ತುಬಿಟ್ಟಿದ್ದಳು. ಆ ಎಲೆಗಳನ್ನು ಬಿಡಿಸಿದ್ದು ಯಾರು? ಬೆನ್ನು ಬಗ್ಗಿಸಿ ಆ ಗಾಜನ್ನು ಉಜ್ಜಿದ್ದು ಯಾರು? ಆದರೆ ಅವಳ ಕಿವಿಯ ಹಿಂದೆ ಕಡ್ಡಿ ಸರಿಪಡಿಸಿ “ಒತ್ತುತ್ತಾ ಅಮ್ಮಾ?” ಎಂದು ಕೇಳಿದವನು ತಿರುಪಣ್ಣ, ಆದ್ದರಿಂದ ಅವಳು ಕೈ ಹಿಡಿದು ಹರಸಿದ್ದು ತಿರುಪಣ್ಣನನ್ನು. ಉಜ್ಜಣ್ಣ ಒಳಬಾಗಿಲ ಪರದೆಯ ಸಂದಿಯಿಂದ ನೋಡುತ್ತಿದ್ದ. ಮೂಗಿನ ತುದಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅವಳು ಒಂದು ಗಳಿಗೆ ಇತ್ತ ನೋಡಿ, ಇವನನ್ನು ಸುಣ್ಣ ಬಳಿಯುವವನೆಂದು ತಿಳಿದು, “ಗೋಡೆ ಒದ್ದೆ ಇದೆಯೇನಪ್ಪಾ?” ಎಂದು ಕೇಳಿದ್ದಳು. ಅವನು ಹೌದೆಂದಿದ್ದ. ಯಾಕೆ ಹೌದೆಂದೆ? ಅದೇ ಇಡೀ ದಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕ್ಯಾಪ್ಟನ್ ಮೊಸಳೆಗಳ ಹೊಂಡದಲ್ಲಿದ್ದ. ಕೈಕಾಲು ಅವನದೇ ಬೂಟಿನ ದಾರದಿಂದ ಕಟ್ಟಿತ್ತು. ಹಲವು ಊಟಗಳಿಂದ ಅವನು ಆ ದಾರವನ್ನು ಹಲ್ಲಿನಲ್ಲಿ ಜಗಿಯುತ್ತಿದ್ದ. ಇನ್ನು ಒಂದೆಳೆ ಬಾಕಿಯಿತ್ತು, ಒಂದೇ ಎಳೆ, ಅದು ತುಂಡಾದರೆ ದಾರದ ಕುಣಿಕೆಯನ್ನು ದೊಡ್ಡ ಮೊಸಳೆಯ ಮೂತಿಗೆ ಬಿಗಿದು ಅದರ ಬೆನ್ನೇರಿ ಆಚೆ ಬರುವ ಉಪಾಯ ಉಜ್ಜಣ್ಣನ ತಲೆಯಲ್ಲಿ ವಾರದಿಂದ ಬೇಯುತ್ತಿತ್ತು. ಅಷ್ಟರಲ್ಲಿ ತಿರುಪಣ್ಣ ಬಾಯಿಗೆ ತುತ್ತಿಟ್ಟುಕೊಳ್ಳುತ್ತಲೇ, “ಸೊಂಯ್ ಅಂತ ನೀಲಿಸಿಡಿಲು ಬಂದ. ಕ್ಯಾಪ್ಟನ್ನನ ಕತ್ತಿನ ಪಟ್ಟಿ ಹಿಡಿದ, ಬೆಕ್ಕಿನಮರಿ ಎತ್ತೋ ಹಾಗೆ ಎತ್ಕೊಂಡು ಹಾರಿಬಿಟ್ಟ,” ಎಂದ. ಬೆಕ್ಕಿನಮರಿ. ಉಜ್ಜಣ್ಣನಿಗೆ ಕಿವಿಯವರೆಗೆ ರಕ್ತ ಏರಿತು. ಮೇಲೆ, ಮೋಡಗಳ ನಡುವೆ, ಕತ್ತಿನ ಪಟ್ಟಿಯಲ್ಲಿ ನೇತಾಡುತ್ತ ಕ್ಯಾಪ್ಟನ್ ಆ ಕಡೆಯ ಎಳೆಯನ್ನೂ ಕಚ್ಚಿ ತುಂಡರಿಸಿ, ಟೋಪಿ ಸರಿಮಾಡಿಕೊಂಡ. ತುಂಬ ವಿನಯದಿಂದ ಕೇಳಿದ: “ಅಲ್ಲಯ್ಯಾ, ನಿನಗೆ ರೆಕ್ಕೆ ಇಲ್ಲ, ಎಂಜಿನ್ ಇಲ್ಲ. ನೀನು ಯಾಕೆ ಬೀಳ್ತಿಲ್ಲ?” ತಿರುಪಣ್ಣನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಆಗಲೂ ನಿಲ್ಲಿಸಬಹುದಿತ್ತು. ಉಜ್ಜಣ್ಣ ನಿಲ್ಲಿಸಲಿಲ್ಲ. “ನೀಲಿಸಿಡಿಲು ಅದನ್ನ ಯೋಚಿಸಿದ,” ಎಂದ. “ಯೋಚಿಸಿದ. ಬಿದ್ದ.” ಕ್ಯಾಪ್ಟನ್ ಮಾತ್ರ ಹಾದುಹೋಗುತ್ತಿದ್ದ ಬಲೂನಿನ ಹಗ್ಗ ಹಿಡಿದುಕೊಂಡ. ತಿರುಪಣ್ಣ ತುತ್ತನ್ನು ಡಬ್ಬಿಯಲ್ಲಿ ವಾಪಸಿಟ್ಟು, ಮುಚ್ಚಳ ಹಾಕಿ, ಸಂಜೆಯವರೆಗೂ ಒಂದು ಮಾತಾಡದೆ ತಿರುಪು ತಿರುವಿದ್ದ.

“ಎಲ್ಲಯ್ಯಾ ನಿನ್ನ ಜೋಡೆತ್ತು?” ಎಂದು ಮಾಲೀಕ ಪರದೆ ಸರಿಸಿದ. “ಫೋನ್ ಎತ್ತಲ್ಲ. ಹೊರಗೆ ಒಬ್ಬರು ಮೂಗಿನ ಮೇಲೆ ಕನ್ನಡಕ ನಿಲ್ಲಲ್ಲ ಅಂತ ಕೂತಿದ್ದಾರೆ.”

“ನನಗೂ ಅರ್ಧ ದಿನ ರಜೆ ಬೇಕಿತ್ತು. ಅವನ ಮನೆಗೆ ಹೋಗ್ಬೇಕು.” ಸುಳ್ಳು ಹೇಳಬಾರದೆಂದು ನಿಶ್ಚಯಿಸಿದ್ದರಿಂದಲೇ ಅವನ ಬಾಯಿಂದ ಹೊರಟಿತು: “ಸಾವಾಗಿದೆ.”

ಮಾಲೀಕನ ಮುಖ ಮೆತ್ತಗಾಯಿತು. “ಅಯ್ಯೋ. ಯಾರು? ಹತ್ತಿರದೋರಾ?”

“ತುಂಬಾ ಹತ್ತಿರ. ಚಿಕ್ಕಂದಿನಿಂದ.”

“ವಯಸ್ಸಾಗಿತ್ತಾ?”

ಉಜ್ಜಣ್ಣ ಪ್ರಾಮಾಣಿಕವಾಗಿ ಯೋಚಿಸಿದ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀಲಿಸಿಡಿಲಿಗೆ ಒಂದು ಕೂದಲೂ ನೆರೆತಿರಲಿಲ್ಲ. “ಗೊತ್ತಾಗ್ತಿರಲಿಲ್ಲ,” ಎಂದ.

“ಅಂಥೋರೇ ಬೇಗ ಹೋಗ್ತಾರೆ,” ಎಂದು ಮಾಲೀಕ ನಿಟ್ಟುಸಿರಿಟ್ಟು, ಇವನ ಹೆಗಲು ಒತ್ತಿ ಕಳಿಸಿಕೊಟ್ಟ. ಆ ಕೈಯ ಬಿಸಿ ಬೀದಿ ದಾಟಿದ ಮೇಲೂ ಹೆಗಲ ಮೇಲಿತ್ತು. ಮಾಡಿದ ಕೊಲೆಗೆ ಸಾಂತ್ವನವನ್ನೂ ಪಡೆದಂತಾಯಿತಲ್ಲ ಎಂದು ಅವನು ಹೆಗಲನ್ನು ಒಂದೆರಡು ಸಲ ಕೊಡವಿಕೊಂಡ. ಇಂಥ ಸಾವಿಗೆ ಏನು ಒಯ್ಯಬೇಕು? ಹಣ್ಣು ಒಯ್ದರೆ ಹುಷಾರಿಲ್ಲದವರನ್ನು ನೋಡಲು ಹೋದ ಹಾಗೆ, ಹೂವು ಒಯ್ದರೆ ಅಣಕಿಸಿದ ಹಾಗೆ. ಬರಿಗೈಯಲ್ಲೇ ನಡೆದ. ಬೀದಿಯ ಜನ ಎಂದಿನಂತೆ ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಮೇಲೆ ಆಕಾಶದಲ್ಲಿ ಯಾರೂ ಇರಲಿಲ್ಲ. ಮೊದಲೂ ಇರಲಿಲ್ಲ ನಿಜ, ಆದರೆ ಇವತ್ತು ಅದು ಎದ್ದು ಕಾಣುತ್ತಿತ್ತು.

ತಿರುಪಣ್ಣ ಮದುವೆಯಾಗಿರಲಿಲ್ಲ, ಅಕ್ಕನ ಜೊತೆ ಇದ್ದ. ಅಕ್ಕ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದು ನಿವೃತ್ತರಾದವರು, ಆದರೆ ನಿವೃತ್ತಿ ಅವರ ಕಣ್ಣಿಗೆ ತಗುಲಿರಲಿಲ್ಲ. ಬಾಗಿಲು ತೆರೆದವರೇ ಇವನ ಮುಖ ನೋಡಿ, ಉಗುರು ನೋಡಿ, “ಬನ್ನಿ. ನಿಮಗೂ ಸುದ್ದಿ ಗೊತ್ತಾಯ್ತಾ?” ಎಂದರು ತಗ್ಗಿದ ದನಿಯಲ್ಲಿ. “ನಿನ್ನೆ ಬಂದವನೇ ಗೋಡೆ ಕಡೆ ತಿರುಗಿ ಮಲಗಿದ. ಏನೋ ಅಂದ್ರೆ, ಅವನು ಹೋದ ಅಕ್ಕಾ ಅಂತಾನೆ. ಒಂದು ತುತ್ತು ತಿಂದಿಲ್ಲ. ಯಾರ್ರೀ ತೀರಿಕೊಂಡಿದ್ದು? ನೀವು ಕಂಡಿದ್ರಾ ಅವರನ್ನ?”

ಹೊಸಿಲ ಮೇಲೆ ನಿಂತು ಉಜ್ಜಣ್ಣ ಚಪ್ಪಲಿ ಬಿಡುವುದರಲ್ಲಿ ಆದಷ್ಟು ಕಾಲ ಕಳೆದ. “ಕಂಡಿದ್ದೆ. ದಿನಾ.”

“ಏನಾಗಿತ್ತು?”

“ಬಿದ್ದರು.”

“ಬಚ್ಚಲಲ್ಲಾ?”

“ಇಲ್ಲ. ಸ್ವಲ್ಪ ಎತ್ತರದಿಂದ.”

“ಅಯ್ಯೋ ದೇವರೇ. ಹೆಸರೇನು?”

ಅವನು ಗಂಟಲು ಸರಿಮಾಡಿಕೊಂಡ. “ಸಿಡಿಲು,” ಎಂದ.

“ಸಿಡಿಲು ಬಡಿದು ಬಿದ್ರಾ?”

“ಸಿಡಿಲು ಬಡೀಲಿಲ್ಲ ಅಕ್ಕಾ. ಸಿಡಿಲೇ ಬಿದ್ದಿದ್ದು.”

ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡರು. “ಪಾಪ. ಹೆಂಡತಿ ಮಕ್ಕಳು?”

“ಯಾರೂ ಇರಲಿಲ್ಲ. ಜನಸೇವೆಯಲ್ಲೇ ಕಳೆದುಬಿಟ್ಟರು.” ಹೀಗೆ ಹೇಳುವಾಗ ತನ್ನ ಕಣ್ಣು ನಿಜವಾಗಿಯೂ ಒದ್ದೆಯಾದದ್ದು ಕಂಡು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು, ಹಾಗೆಯೇ ಎಲ್ಲೋ ಒಳಗೆ ಕೊಂಚ ಸಮಾಧಾನವೂ ಆಯಿತು. ಅಷ್ಟರಲ್ಲಿ ಒಳಕೋಣೆಯಿಂದ, ಹಾಸಿಗೆಯ ಹೊದಿಕೆಯೊಳಗಿಂದ, ತಿರುಪಣ್ಣನ ದನಿ ಬಂತು: “ಅಕ್ಕಾ, ಅವನನ್ನ ಒಳಗೆ ಬಿಡಬೇಡ! ಕೊಂದೋನೇ ಅವನು!”

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲ ಪಕ್ಕದ ಕೊಡೆ ಅವರ ಕೈಗೆ ಯಾವಾಗ ಬಂತೋ, ಅದರ ಚೂಪು ತುದಿ ಉಜ್ಜಣ್ಣನ ಹೊಕ್ಕುಳಿಗೆ ನೇರವಾಗಿತ್ತು. “ಕೈ ಮೇಲೆ,” ಎಂದರು. ಅವನು ಎತ್ತಿದ. ಕರಿಗವಸಿನ ಕ್ಯಾಪ್ಟನ್ ಯಾವತ್ತೂ, ಯಾರ ಎದುರಿಗೂ ಕೈ ಎತ್ತಿದವನಲ್ಲ ಎಂಬುದು ಆ ಹೊತ್ತಿನಲ್ಲೂ ಅವನಿಗೆ ನೆನಪಾಗಿ ಕೈಗಳು ಇನ್ನಷ್ಟು ಭಾರವಾದವು. ಕೊಡೆಯ ಮೊನೆಯಲ್ಲೇ, ಕೈ ಮೇಲೆ ಹಿಡಿದುಕೊಂಡೇ, ಅವನು ಎಲ್ಲವನ್ನೂ ಹೇಳಿದ: ಯಂತ್ರ, ಬುತ್ತಿ, ಮೊಸಳೆ, ಬೂಟಿನ ದಾರ, ಬೆಕ್ಕಿನಮರಿ. ಅಕ್ಕ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

“ಅಂದ್ರೆ ಇಲ್ಲದೆ ಇರೋನೊಬ್ಬನನ್ನ ನೀವು ಕೊಂದಿರಿ, ಅದಕ್ಕೆ ನನ್ನ ತಮ್ಮ ಇಲ್ಲಿ ಉಪವಾಸ ಬಿದ್ದಿದ್ದಾನೆ.”

“ಹೌದು.”

“ಎಷ್ಟು ಓದಿದೀರಿ ನೀವಿಬ್ಬರೂ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಡೆಯಿಂದಲೇ ಒಳಕೋಣೆ ತೋರಿಸಿದರು.

ತಿರುಪಣ್ಣ ಮುಸುಕಿನಿಂದ ಮೂಗಿನವರೆಗೆ ಹೊರಗಿದ್ದ. ಕನ್ನಡಕವಿಲ್ಲದ ಅವನ ಮುಖ ಸಿಪ್ಪೆ ತೆಗೆದ ಹಾಗಿತ್ತು. ಉಜ್ಜಣ್ಣ ಕುರ್ಚಿಯ ತುದಿಯಲ್ಲಿ ಕೂತ. ಎಷ್ಟೋ ವರ್ಷ ಯಂತ್ರದ ಗದ್ದಲದಲ್ಲಿ ಕೂಗಿ ಮಾತಾಡಿದವರಿಗೆ ಈ ನಿಶ್ಶಬ್ದದಲ್ಲಿ ಯಾವ ದನಿ ತೆಗೆಯಬೇಕೆಂದು ತಿಳಿಯಲಿಲ್ಲ.

“ನಾನು ಹಾಗೆ ಕೇಳಬಾರದಿತ್ತು,” ಎಂದ ಉಜ್ಜಣ್ಣ.

“ಕೇಳಿಬಿಟ್ಟೆಯಲ್ಲ,” ಎಂದ ತಿರುಪಣ್ಣ. “ಈಗ ಅದು ತಲೆಯಿಂದ ಹೋಗ್ತಾನೇ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟೆ ಕಣೋ. ಮೆಟ್ಟಿಲ ಹತ್ತಿರ ಬಂದೆ. ಯಾವ ಕಾಲು ಮೊದಲು ಇಡ್ತಿದ್ದೆ ನಾನು ಅಂತ ಯೋಚನೆ ಬಂತು. ಮುಗೀತು, ನಿಂತೇಬಿಟ್ಟೆ. ಪಕ್ಕದ ಮನೆಯೋರು ಕೈಹಿಡಿದು ವಾಪಸ್ ತಂದುಬಿಟ್ರು. ಏನಾದ್ರೂ ತಿನ್ನೋಣ ಅಂದ್ರೆ, ಅಗಿಯೋವಾಗ ನಾಲಿಗೆ ಎಲ್ಲಿಟ್ಕೋತಿದ್ದೆ ಅಂತ ಯೋಚನೆ. ಕಚ್ಕೊಂಡೆ. ನೋಡು.” ನಾಲಿಗೆ ಚಾಚಿ ತೋರಿಸಿದ. ತುದಿಯಲ್ಲಿ ಸಣ್ಣ ಕೆಂಪು ಗಾಯವಿತ್ತು. ಕತೆಯ ರಕ್ತ ಇಲ್ಲಿಯವರೆಗೆ ಬಂದಿದೆಯಲ್ಲ ಎಂದು ಉಜ್ಜಣ್ಣ ಅದನ್ನೇ ದಿಟ್ಟಿಸಿದ. ತಾನು ಕೇಳಿದ ಪ್ರಶ್ನೆ ತನಗೇ ಯಾಕೆ ತಾಗಲಿಲ್ಲ? ತಾನು ಯಾವತ್ತೂ ನೆಲ ಬಿಟ್ಟವನಲ್ಲ, ಅದಕ್ಕೇ ಇರಬೇಕು.

“ಹೊಟ್ಟೆಕಿಚ್ಚು,” ಎಂದ ಅವನು ಇದ್ದಕ್ಕಿದ್ದಂತೆ. “ಆ ಹೆಂಗಸು ನಿನ್ನ ಕೈ ಹಿಡಿದು ಹರಸಿದಳು. ನನ್ನನ್ನ ಸುಣ್ಣದೋನು ಅಂದ್ಕೊಂಡಳು. ಆಮೇಲೆ ನೀನು ಕ್ಯಾಪ್ಟನ್ನನ ಕತ್ತಿನ ಪಟ್ಟಿ ಹಿಡಿದು ಎತ್ತಿದೆ. ಒಂದೇ ಒಂದೆಳೆ ಬಾಕಿ ಇತ್ತು. ಅವನೇ ಬಿಡಿಸ್ಕೋತಿದ್ದ.”

ತಿರುಪಣ್ಣ ಎದ್ದು ಕೂತ. “ಅದಕ್ಕೆ ಕೊಲ್ತಾರೇನೋ? ನಾನು ಯಾಕೆ ಎತ್ತಿದ್ದು ಗೊತ್ತಾ? ಅವನು ಅಷ್ಟು ದಿನದಿಂದ ಬೂಟಿನ ದಾರ ಬಿಟ್ಟರೆ ಏನೂ ತಿಂದಿರಲಿಲ್ಲ. ನಾನಿಲ್ಲಿ ಡಬ್ಬಿ ಮುಂದಿಟ್ಕೊಂಡು ಗಡದ್ದಾಗಿ ತಿಂತಿದ್ದೆ. ನೋಡೋಕಾಗ್ಲಿಲ್ಲ ಕಣೋ. ಮೇಲೆ ಎಲ್ಲಾದರೂ ಕರ್ಕೊಂಡು ಹೋಗಿ ಊಟ ಹಾಕಿಸೋಣ ಅಂತಿದ್ದೆ.”

ಇದೊಂದು ಸಾಧ್ಯತೆ ಉಜ್ಜಣ್ಣನಿಗೆ ಹೊಳೆದೇ ಇರಲಿಲ್ಲ. ಮೋಡದ ಮೇಲೆ ಎಲ್ಲೋ ಹಾಕಿದ್ದ ಮೇಜು, ಎರಡು ತಟ್ಟೆ, ಯಾರೂ ಬಾರದೆ ಆರುತ್ತಿರುವ ಊಟ ಅವನ ಕಣ್ಣಿಗೆ ಕಟ್ಟಿತು. “ಹಾಗಾದ್ರೆ ಬದುಕಿಸೋಣ,” ಎಂದ ಗಡಿಬಿಡಿಯಲ್ಲಿ. “ಯಾವುದಾದ್ರೂ ಮೂಲಿಕೆ, ಇಲ್ಲ ಬೇರೆ ಗ್ರಹದಿಂದ ಅವನ ಚಿಕ್ಕಪ್ಪ...”

“ಬೇಡ. ಸತ್ತೋರು ಸತ್ತ ಹಾಗೇ. ನಾನೇ ಹಾಕಿದ ಕಟ್ಟು. ನನಗೆ ಬೇಕಾದೋನು ಅಂತ ಮುರಿದ್ರೆ ನಾಳೆ ಯಾರ ಸಾವಿಗೆ ಏನು ಬೆಲೆ?” ಎಂದು ತಿರುಪಣ್ಣ ಮತ್ತೆ ಮುಸುಕೆಳೆದುಕೊಂಡ. ಗೆಳೆಯನ ಈ ನ್ಯಾಯನಿಷ್ಠೆ ಉಜ್ಜಣ್ಣನಿಗೆ ಗಾಜಿನ ಪುಡಿಯ ಹಾಗೆ ಕಣ್ಣಿಗೆ ಚುಚ್ಚಿತು.

ಬಾಗಿಲಲ್ಲಿ ಅಕ್ಕ ಬಟ್ಟಲು ಹಿಡಿದು ನಿಂತಿದ್ದರು. ಬಿಸಿಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. “ಸತ್ತ ಸತ್ತ ಅಂತೀರಲ್ಲ,” ಎಂದರು ಬೇಸರದಿಂದ. “ಹೆಣ ನೋಡಿದ್ದು ಯಾರು?”

ತಿರುಪಣ್ಣ ಮುಸುಕನ್ನು ಮೂಗಿನವರೆಗೆ ಇಳಿಸಿದ.

“ನಾಡಿ ಹಿಡಿದು ನೋಡಿದ್ರಾ? ಇಲ್ಲ. ಕೆಳಗೆ ಏನಿತ್ತು?”

“ಮೋಡ,” ಎಂದ ಉಜ್ಜಣ್ಣ.

“ಅದರ ಕೆಳಗೆ?”

ಉಜ್ಜಣ್ಣ ತಿರುಪಣ್ಣನನ್ನು ನೋಡಿದ, ತಿರುಪಣ್ಣ ಉಜ್ಜಣ್ಣನನ್ನು ನೋಡಿದ. ನೀಲಿಸಿಡಿಲು ಅಷ್ಟು ವರ್ಷ ಹಾರಿದ್ದ. ಹಾರುವವನ ಕೆಳಗೆ ಏನಿರುತ್ತದೆಂದು ಇಬ್ಬರಲ್ಲಿ ಒಬ್ಬನೂ ಬಗ್ಗಿ ನೋಡಿರಲಿಲ್ಲ.

“ಊರು ಇರ್ಬೇಕು,” ಎಂದ ತಿರುಪಣ್ಣ ಅಳುಕುತ್ತ.

“ಊರಲ್ಲಿ ಮರ ಇಲ್ವಾ? ಅಂಗಡಿ ಮುಂದೆ ಟಾರ್ಪಾಲು ಇಲ್ವಾ? ನಮ್ಮ ವಾರ್ಡಿಗೆ ಒಬ್ಬ ಬಂದಿದ್ದ, ನಾಲ್ಕನೇ ಮಹಡಿಯಿಂದ ಬಿದ್ದೋನು. ಕೊಂಬೆಗೆ ತಾಗಿ, ಟಾರ್ಪಾಲಿಗೆ ಬಿದ್ದು, ಹಾಸಿಗೆ ಮಾರೋನ ಮೇಲೆ ಉರುಳಿ. ಪ್ರಜ್ಞೆ ಬಂದ ಕೂಡಲೆ ಕೇಳಿದ್ದೇನು? ನನ್ನ ಚಪ್ಪಲಿ ಎಲ್ಲಿ ಅಂತ.” ಅಕ್ಕ ಮಂಚದ ತುದಿಗೆ ಕೂತರು. “ನಿಮ್ಮೋನೂ ಅಲ್ಲಿಗೇ ಬಂದಿದ್ದಾನೆ. ಎರಡೂ ಕಾಲು ಮುರಿದಿದೆ. ಸೊಂಟ ಬಿರುಕು ಬಿಟ್ಟಿದೆ. ಜೀವಕ್ಕೇನೂ ಭಯ ಇಲ್ಲ. ಆ ಬೆನ್ನ ಮೇಲಿನ ಬಟ್ಟೆ ಮಾತ್ರ ಕತ್ತರಿಸಿ ತೆಗೀಬೇಕಾಯ್ತು.”

“ಅದರ ಮೇಲೆ ಕತ್ತರಿ ಓಡಲ್ಲ ಅಕ್ಕಾ,” ಎಂದ ತಿರುಪಣ್ಣ ಮುಸುಕು ತೆಗೆದು. “ಲೇಸರ್ ಕೂಡ ಓಡಲ್ಲ.”

“ನನ್ನ ಕತ್ತರಿ ಓಡುತ್ತೆ.”

ಅಕ್ಕ ಬಟ್ಟಲಿನಲ್ಲಿ ಚಮಚ ತಿರುವಿದರು. ಅವರ ದನಿ ಬದಲಾಗಿತ್ತು, ವಾರ್ಡು ಸುತ್ತುವ ನರ್ಸಿನ ದನಿಯಾಗಿತ್ತು. “ವಾರ್ಡಿನ ಹೊರಗೆ ಬೆಂಚಿನ ಮೇಲೆ ಟೋಪಿ ಹಾಕ್ಕೊಂಡು ಒಬ್ಬ ಕೂತಿದ್ದಾನಲ್ಲ. ಬೆಳಗಿನಿಂದ ಒಳಗೂ ಬರಲ್ಲ, ಮನೆಗೂ ಹೋಗಲ್ಲ. ಅವನು ಯಾರು?”

ಉಜ್ಜಣ್ಣನಿಗೆ ಆ ಬೆಂಚು ಕಂಡಿತು. ಅದರ ಒಡೆದ ಬಣ್ಣ, ಮೇಲೆ ಗುಯ್‌ಗುಡುವ ದೀಪ, ಮೊಣಕಾಲ ನಡುವೆ ಕೈ ಇಟ್ಟುಕೊಂಡ, ಇಷ್ಟು ಹೊತ್ತೂ ಬಲೂನಿನಲ್ಲಿ ಪಾರಾಗಿ ಹೋದನೆಂದು ತಾನು ತಿಳಿದಿದ್ದ ಮನುಷ್ಯ. “ಅವನೇ,” ಎಂದ. “ಕೇಳಿದೋನು.”

“ಬರೋಕೆ ಹೇಳಿ. ಟೋಪಿ ತೆಗೆದು ಬರಲಿ. ಎರಡೂ ಕೈಗೆ ಪಟ್ಟಿ ಕಟ್ಟಿದೆ ಆ ರೋಗಿಗೆ, ತಾನಾಗಿ ತಿನ್ನೋಕಾಗಲ್ಲ. ನರ್ಸ್‌ಗಳಿಗೆ ಬೇರೆ ಕೆಲಸ ಇದೆ. ಇವನೇ ತಿನ್ನಿಸಲಿ.”

ಕ್ಯಾಪ್ಟನ್ ಬಂದ. ಉಜ್ಜಣ್ಣ ಮೊದಮೊದಲು ತಡವರಿಸುತ್ತ ಹೇಳಿದ. ಗುಂಡಿನ ಸದ್ದು, ಗಂಟು, ಬೆನ್ನಟ್ಟಿ ಬರುವ ಕುದುರೆ, ಯಾವುದೂ ಇಲ್ಲದ ಕತೆಯನ್ನು ಅವನ ನಾಲಿಗೆ ಎಂದೂ ಹೇಳಿರಲಿಲ್ಲ. ಕ್ಯಾಪ್ಟನ್ ಸ್ಟೂಲನ್ನು ಸದ್ದಾಗದಂತೆ ಎಳೆದುಕೊಂಡು ಕೂತ. ಬಿಳಿ ಪಟ್ಟಿಗಳ ನಡುವೆ ನೀಲಿಸಿಡಿಲಿನ ಆ ದೊಡ್ಡ ಮುಖ ಎಷ್ಟು ಸಣ್ಣದಾಗಿ ಕಾಣುತ್ತಿತ್ತೆಂದರೆ, ಕ್ಷಮೆ ಕೇಳಲು ಯೋಚಿಸಿಟ್ಟುಕೊಂಡಿದ್ದ ಮಾತು ಅವನಿಗೆ ಮರೆತೇಹೋಯಿತು. ಬಟ್ಟಲು ತೆಗೆದುಕೊಂಡ. ಹುಲಿಯ ಬಾಯಿಗೆ ಕೈ ಹಾಕಿದವನಿಗೆ ಚಮಚ ಹಿಡಿಯಲು ಬರುತ್ತಿರಲಿಲ್ಲ. ಮೊದಲನೆಯದು ಹೊದಿಕೆಯ ಮೇಲೆ ಚೆಲ್ಲಿತು. ಎರಡನೆಯದನ್ನು ತುಂಬಿಕೊಂಡ. ಹಬೆಯಾಡುತ್ತಿತ್ತು. ತುಟಿ ಸುಟ್ಟೀತು ಎಂದು ಕ್ಯಾಪ್ಟನ್ ಊದಿದ, ಮತ್ತೊಮ್ಮೆ ಊದಿದ, ತನ್ನ ಕೆಳತುಟಿಗೆ ತಾಗಿಸಿ ನೋಡಿದ, ಎಡಗೈಯನ್ನು ಅಡಿಗೆ ಒಡ್ಡಿ, ಮೆಲ್ಲಗೆ, ಮೆಲ್ಲಗೆ ಚಮಚವನ್ನು ಮುಂದೆ ತಂದ.

ತಿರುಪಣ್ಣನ ಬಾಯಿ ತೆರೆದುಕೊಂಡಿತು. ಅದು ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣು, ಚಮಚ ಹಿಡಿದಂತೆ ಮುಂದೆ ಚಾಚಿದ್ದ ಉಜ್ಜಣ್ಣನ ಖಾಲಿ ಕೈಯ ಮೇಲಿತ್ತು. ಅಕ್ಕ ಬಗ್ಗಿ ಚಮಚವನ್ನು ಒಳಗಿಟ್ಟರು. ಅವನು ಅಗಿದ, ನುಂಗಿದ, ನಾಲಿಗೆಯಿಂದ ತುಟಿ ಸವರಿಕೊಂಡ.

“ಸಕ್ಕರೆ ಸಾಲದು,” ಎಂದ ನೀಲಿಸಿಡಿಲು.

“ಆಸ್ಪತ್ರೆಯಲ್ಲಿ ಇಷ್ಟೇ ಸಿಗೋದು,” ಎಂದರು ಅಕ್ಕ, ಮುಂದಿನ ಚಮಚಕ್ಕಾಗಿ ಕ್ಯಾಪ್ಟನ್ನನ ಕಡೆ ನೋಡುತ್ತ.